ವರದಿಯಲ್ಲಿ ಬಿಟ್ಟ ಮಾತು

ನವೆಂಬರ್ 12, ಮಂಗಳವಾರ

ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ನನಗೆ ಕೊಟ್ಟಿರುವುದು ಆಟದ ಸಾಮಾನಿನ ಕೋಣೆ. ಒಂದು ಮೂಲೆಯಲ್ಲಿ ವಾಲಿಬಾಲ್ ಬಲೆ, ಗಾಳಿ ಹೋದ ಚೆಂಡುಗಳು, ಕಾಲು ಮುರಿದ ಬೆಂಚು. ಇನ್ನೊಂದು ಮೂಲೆಯಲ್ಲಿ ಎರಡು ಕುರ್ಚಿ. ಹೆಡ್‌ಮಾಸ್ತರ ಬೀರಲಿಂಗಪ್ಪ ಸರ್ ಸ್ವತಃ ಬಿಳಿ ಹಾಳೆಯ ಮೇಲೆ ‘ಆಪ್ತಸಮಾಲೋಚನಾ ಕೇಂದ್ರ’ ಎಂದು ದುಂಡಗೆ ಬರೆದು ಬಾಗಿಲಿಗೆ ಅಂಟಿಸಿದ್ದಾರೆ. ಹುಡುಗರು ಅದನ್ನು ಓದಿ ನಗುತ್ತಾ ಓಡುತ್ತಾರೆ.

ಆಪ್ತಸಮಾಲೋಚನೆಯ ಎಂ.ಎಸ್ಸಿ. ಎರಡನೆಯ ವರ್ಷಕ್ಕೆ ಬಂದವರೆಲ್ಲ ಒಂದೊಂದು ಶಾಲೆಯಲ್ಲಿ ನೂರಿಪ್ಪತ್ತು ತಾಸು ಮಕ್ಕಳ ಜೊತೆ ಕೂರಬೇಕು. ಅದು ಮುಗಿಯದೆ ಪದವಿ ಇಲ್ಲ. ಸಹಪಾಠಿ ವಸೀಮನಿಗೆ ಮುಂಡರಗಿ ಬಂತು, ನನಗೆ ಲಕ್ಷ್ಮೇಶ್ವರ. ಮಂಗಳವಾರ, ಶುಕ್ರವಾರ ಗದಗಿನಿಂದ ಎಂಟರ ಬಸ್ಸು.

ಇವತ್ತು ಕನ್ನಡ ಟೀಚರು ಹತ್ತನೆಯ ತರಗತಿಯ ಸ್ನೇಹಾ ಎಂಬ ಹುಡುಗಿಯನ್ನು ಕಳಿಸಿದರು. ಹೋದ ವರ್ಷ ತರಗತಿಗೆ ಮೊದಲಿದ್ದವಳು ಈ ಸಲ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಹಾಳೆಯಲ್ಲಿ ಹೆಸರಷ್ಟೇ ಬರೆದು ಕೊಟ್ಟಿದ್ದಾಳೆ. ನಾನು ಪುಸ್ತಕದಲ್ಲಿ ಹೇಳಿದ ಹಾಗೆಯೇ ಕೂತೆ, ಸ್ವಲ್ಪ ಮುಂದಕ್ಕೆ ಬಾಗಿದೆ, ಹೌದು-ಅಲ್ಲ ಎಂದು ಮುಗಿಸಲಾಗದ ಪ್ರಶ್ನೆಗಳನ್ನೇ ಕೇಳಿದೆ. ಮೂವತ್ತೈದು ನಿಮಿಷ ಅವಳು ಗಾಳಿ ಹೋದ ಚೆಂಡುಗಳನ್ನೇ ನೋಡುತ್ತಿದ್ದಳು. ಕೊನೆಗೆ ಒಂದೇ ಮಾತು: “ಟೀಚರ, ಹೋಗ್ಲ್ಯಾ?”

ಪರವಾಗಿಲ್ಲ. ಇಂಥ ಹುಡುಗಿಯರು ನನಗೆ ಗೊತ್ತು. ನಾನೂ ಇಂಥವಳೇ ಆಗಿದ್ದೆ. ಪುಸ್ತಕ ಓದಿಕೊಂಡು ಈ ಕೋರ್ಸಿಗೆ ಬಂದವರಿಗೂ ನನಗೂ ಇರುವ ವ್ಯತ್ಯಾಸ ಅದೇ.

ನವೆಂಬರ್ 19, ಮಂಗಳವಾರ

ಸ್ನೇಹಾ ಬಾಯಿ ಬಿಟ್ಟಳು!

ನಡೆದದ್ದನ್ನು ಮರೆಯುವ ಮೊದಲು ಬರೆದುಕೊಳ್ಳಬೇಕು. ಮಗು ಏನು ಹೇಳಿತು, ನಾವು ಏನು ಹೇಳಿದೆವು ಎಂದು ಒಂದಕ್ಷರ ಬಿಡದೆ ವರದಿ ಬರೆದು ಶನಿವಾರ ಕಾಲೇಜಿನಲ್ಲಿ ಕೊಪ್ಪದ ಮೇಡಂಗೆ ಕೊಡುವುದು ನಿಯಮ. ನಮ್ಮ ಕಲಿಕೆಯ ಮೇಲ್ವಿಚಾರಣೆ ಅವರದು. ವರದಿಯಲ್ಲಿ ಹೆಸರು ಹಾಕುವಂತಿಲ್ಲ, ‘ಎಸ್.’ ಎಂದಷ್ಟೇ ಬರೆಯಬೇಕು. ಇದು ನನ್ನ ಡೈರಿ, ಇಲ್ಲಿ ಸ್ನೇಹಾ ಎಂದೇ ಬರೆಯುತ್ತೇನೆ.

“ಅಪ್ಪಾರು ಏನ್ ಕೆಲಸಾ ಮಾಡ್ತಾರ?” ಎಂದು ಕೇಳಿದೆ.

“ಇಲ್ರಿ.”

“ಊರಾಗ ಇಲ್ಲೇನು?”

“ತೀರ್ಕೊಂಡಾರ್ರಿ. ನಾ ಮೂರನೇತ್ತಾ ಇದ್ದಾಗ.”

ನಾನು ಒಂದು ಗಳಿಗೆ ಯೋಚಿಸಿ ಹೇಳಿದೆ: “ನಮ್ಮಪ್ಪನೂ ಇಲ್ಲ. ನನಗ ಆರು ವರ್ಷ ಇದ್ದಾಗ ಹೋದರು.”

ಅವಳು ಮೊದಲ ಸಲ ಮುಖ ಎತ್ತಿ ನನ್ನನ್ನು ನೋಡಿದಳು. ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಅವಳ ಅವ್ವ ಸುಮಿತ್ರವ್ವ ಬಜಾರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಶಿರಹಟ್ಟಿಯಲ್ಲಿ ಅಂದಪ್ಪ ಎನ್ನುವವರು ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತಾರಂತೆ. ಹೆಂಡತಿ ಸತ್ತು ನಾಲ್ಕು ವರ್ಷ, ಮಕ್ಕಳಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇಬ್ಬರದೂ ಲಗ್ನ ಎಂದು ಮಾತಾಗಿದೆ.

“ಉಡಕಿ ಮಾಡ್ಕೊಳ್ಳಾಕತ್ಯಾಳ್ರಿ ನಮ್ಮವ್ವ” ಎಂದಳು. ವಿಧವೆಯ ಎರಡನೆಯ ಮದುವೆಗೆ ಅವರಲ್ಲಿ ಇರುವ ಆ ಶಬ್ದವನ್ನು ಉಗುಳುವ ಹಾಗೆ ಹೇಳಿದಳು. “ಕ್ಲಾಸಿನ್ಯಾಗ ಹುಡಿಗ್ಯಾರು ಕೇಳ್ತಾರ್ರಿ, ನಿಮ್ಮವ್ವನ ಲಗ್ನದಾಗ ನಮಗ ಹೋಳಿಗಿ ಐತಿಲ್ಲೋ ಅಂತ.”

ಆಮೇಲೆ ಕೇಳಿದಳು: “ನಮ್ಮವ್ವಗ ನಾ ಒಬ್ಬಾಕಿ ಸಾಲೂದಿಲ್ಲೇನ್ರಿ ಟೀಚರ?”

ಆಗ ನಾನು ಹೇಳಿದೆ. “ನಮ್ಮಮ್ಮಗ ಆವಾಗ ಮೂವತ್ತೊಂದು ವರ್ಷ. ಮನಸ್ಸು ಮಾಡಿದ್ರ ಮತ್ತೊಂದು ಲಗ್ನಾ ಮಾಡ್ಕೋಬಹುದಿತ್ತು. ನನ್ನ ಸಲುವಾಗಿ ಮಾಡ್ಕೊಳ್ಳಲಿಲ್ಲ.”

ಸ್ನೇಹಾ ಹತ್ತು ನಿಮಿಷ ಅತ್ತಳು. ನಾನು ಅವಳ ಕೈ ಹಿಡಿದು ಕೂತಿದ್ದೆ. ಹಿಂತಿರುಗುವಾಗ ಮುಳಗುಂದ ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ. ಮನೆಗೆ ಬಂದು ಅಮ್ಮನಿಗೆ, “ಇವತ್ತು ಒಂದು ಹುಡುಗಿ ಮನಸ್ಸು ಬಿಚ್ಚಿ ಮಾತಾಡಿದ್ಲು” ಎಂದೆ. ಅಮ್ಮ, “ಛಲೋ ಆತು. ಕೈಕಾಲು ತೊಳ್ಕೋ” ಎಂದಳು. ಅವಳು ಯಾವಾಗಲೂ ಹಾಗೆಯೇ, ಮಾತು ಕಡಿಮೆ.

ನವೆಂಬರ್ 23, ಶನಿವಾರ

ಕೊಪ್ಪದ ಮೇಡಂ ಹದಿನೇಳು ವರ್ಷ ಶಾಲೆಗಳಲ್ಲಿ ಕೆಲಸ ಮಾಡಿ ಬಂದವರು. ವರದಿಯನ್ನು ಸೀಸದಕಡ್ಡಿ ಹಿಡಿದು ಸಾಲು ಸಾಲಾಗಿ ಓದುತ್ತಾರೆ. ಒಂದು ಕಡೆ ಕಡ್ಡಿ ನಿಂತಿತು.

“ಇಲ್ಲೆ ಹುಡುಗಿ ‘ನಾ ಸಾಲೂದಿಲ್ಲೇನು’ ಅಂದಾಳ. ಕೆಳಗ ‘ಹತ್ತು ನಿಮಿಷ ಅತ್ತಳು’ ಅಂತ ಐತಿ. ನಡುವ ನೀ ಏನಂದಿ?”

“ಏನೂ ಅನ್ನಲಿಲ್ರಿ ಮೇಡಂ. ಸುಮ್ಮನ ಕೂತಿದ್ದೆ.”

ಮೇಡಂ ಆ ಸಾಲಿನ ಪಕ್ಕದಲ್ಲಿ ‘ಛಲೋ ಮೌನ’ ಎಂದು ಬರೆದರು.

ಯಾಕೆ ಹಾಗೆ ಹೇಳಿದೆನೋ. ನಮ್ಮ ಸ್ವಂತ ಬದುಕನ್ನು ಮಗುವಿನ ಮುಂದೆ ಹರಡಬಾರದು ಎಂಬ ನಿಯಮವೇನೋ ಇದೆ. ಆದರೆ ಆ ನಿಯಮ ಮಾಡಿದವರಿಗೆ ಹರಡಲು ಏನೂ ಇರಲಿಲ್ಲ ಎಂದು ಕಾಣುತ್ತದೆ. ಆ ಮಾತಿನಿಂದಲೇ ಹುಡುಗಿ ಹಗುರಾದಳು. ಫಲ ಮುಖ್ಯವೋ, ವರದಿಯೋ?

ಡಿಸೆಂಬರ್ 6, ಶುಕ್ರವಾರ

ಗಣಿತದ ಕಿರುಪರೀಕ್ಷೆಯಲ್ಲಿ ಸ್ನೇಹಾಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು! ಬೀರಲಿಂಗಪ್ಪ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದು ಎಲ್ಲರೆದುರು ಚಹಾ, ಮಿರ್ಚಿ ಕೊಡಿಸಿದರು. “ನೋಡ್ರಿ, ನಾವು ವರ್ಷಗಟ್ಟಲೆ ಒದರಿದ್ರೂ ಆಗದ್ದು ಈ ತಂಗಿ ಒಂದು ತಿಂಗಳದಾಗ ಮಾಡ್ಯಾಳ” ಎಂದರು.

ಸ್ನೇಹಾ ಬಾಗಿಲಲ್ಲೇ ನಿಂತು, “ಟೀಚರ, ಅದು ನಿಂತತ್ರಿ” ಎಂದಳು.

“ಯಾವುದು?”

“ನಮ್ಮವ್ವಂದು.” ಹೇಳಿ ಓಡಿಹೋದಳು.

‘ಮಗುವಿನಲ್ಲಿ ಗಣನೀಯ ಸುಧಾರಣೆ’ ಎಂದು ಬರೆದಿದ್ದೇನೆ.

ಡಿಸೆಂಬರ್ 17, ಮಂಗಳವಾರ

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮೂವತ್ತೇಳು ಮೂವತ್ತೆಂಟು ಇರಬಹುದು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯುವುದನ್ನು ಮರೆತು ಬಂದಿದ್ದಳು.

“ಸ್ನೇಹಾನ ಅವ್ವರಿ ನಾನು, ಸುಮಿತ್ರಾ” ಎಂದು ಕೂತಳು. “ಹುಡುಗಿ ಚಂದಂಗ ಓದಾಕತ್ಯಾಳ. ನಿಮ್ಮಿಂದನ ಅಂತ ಹೆಡ್‌ಮಾಸ್ತರ್ರು ಹೇಳಿದ್ರು.”

ಶ್ರೇಯಸ್ಸು ಹುಡುಗಿಯದೇ ಎಂದು ಹೇಳಲು ನಾನು ಸಿದ್ಧವಾಗಿದ್ದೆ. ಅಷ್ಟರಲ್ಲಿ ಅವಳು ಕೇಳಿದಳು: “ನಿಮ್ಮ ತಾಯಿಯವರು ಹೆಂಗದಾರ್ರಿ ಅಕ್ಕಾರ?”

“ಆರಾಮ ಇದ್ದಾರ್ರಿ.”

“ಖುಷಿಲೆ ಇದ್ದಾರೇನ್ರಿ?”

ಇದನ್ನು ಯಾಕೆ ಕೇಳುತ್ತಾಳೆ ಎಂದು ನನಗೆ ತಿಳಿಯಲಿಲ್ಲ. ಅವಳು ತಾನಾಗಿ ಹೇಳುತ್ತಾ ಹೋದಳು. ದನಿ ಒಂದು ಸಲವೂ ಏರಲಿಲ್ಲ.

“ಅವತ್ತು ಹುಡುಗಿ ಸಾಲಿಯಿಂದ ಬಂದಾಕಿ ಪಾಟೀಚೀಲಾ ಸೈತ ಇಳಸಲಿಲ್ಲ. ‘ನಮ್ಮ ಕೌನ್ಸೆಲಿಂಗ್ ಟೀಚರ ಅವ್ವ ಮಗಳ ಸಲುವಾಗಿ ಹಂಗ ಉಳದಾಳಂತ. ಖರೇ ಅವ್ವ ಅಂದ್ರ ಆಕಿ. ನೀ ಎಂಥಾಕಿ?’ ಅಂದ್ಲು. ಕೈಯಾಗ ಒಬ್ಬರ ಬ್ಲೌಸ್ ಪೀಸ್ ಇತ್ತು. ಕತ್ರಿ ತಪ್ಪಿ ನಡಕ್ಕ ಹರದಹೋತು.”

ಕೊರಳಲ್ಲಿದ್ದ ಟೇಪನ್ನು ಆಗ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ನಮ್ಮ ಅತ್ತಿ ಅಂದಾಳ, ಮೈದುನ ಅಂದಾನ, ಓಣಿ ಮಂದಿ ಅಂದಾರ. ಯಾರ ಮಾತಿಗೂ ನಾ ಅಳುಕಿರಲಿಲ್ರಿ. ಇದು ಸಾಲಿಯಾಗಿಂದ ಬಂತು. ಕಲತವರು ಹೇಳಿದ್ದು. ಖರೇನ ಇರಬೇಕು ಅನಸ್ತು. ಶಿರಹಟ್ಟಿಗೆ ಬ್ಯಾಡ ಅಂತ ಹೇಳಿ ಕಳಿಸಿದೆ. ಯಾಕ ಅಂತ ಅವರು ಕೇಳಿದ್ರು. ಏನಂತ ಹೇಳಲಿ, ಸಾಲಿ ಅಕ್ಕಾರು ಬ್ಯಾಡ ಅಂದ್ರು ಅಂತ?”

“ನಾ ಬ್ಯಾಡ ಅಂತ ಅಂದಿಲ್ರಿ.”

“ಅಂದಿಲ್ಲ ಬಿಡ್ರಿ.” ಎದ್ದು ನಿಂತಳು. “ಬೈಯಾಕ ಬಂದಿಲ್ಲ ನಾನು. ನಿಮ್ಮ ತಾಯಿಯವರು ಇಷ್ಟು ವರ್ಷ ದಿನಾ ಹೆಂಗ ಕಳದ್ರು ಅಂತ ಕೇಳೂಣು ಅಂತ ಬಂದೆ. ಇನ್ನ ನನಗೂ ಅದ ಅಲ್ರಿ.”

ಉತ್ತರಕ್ಕಾಗಿ ಅವಳು ನಿಜವಾಗಿಯೂ ಕಾದಳು. ಅಮ್ಮ ದಿನ ಹೇಗೆ ಕಳೆಯುತ್ತಾಳೆ ಎಂದು ನನಗೆ ಗೊತ್ತಿಲ್ಲ.

ಡಿಸೆಂಬರ್ 18, ಬುಧವಾರ

ಕಾಲೇಜಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿದೆ. ಜ್ವರ ಇರಲಿಲ್ಲ.

ಡಿಸೆಂಬರ್ 21, ಶನಿವಾರ

ಮೂರು ದಿನದಿಂದ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಬೇಡ ಎಂದು ನಿರ್ಧಾರ ಮಾಡಿದ್ದು ಸುಮಿತ್ರವ್ವ. ಆಕೆ ವಯಸ್ಸಿಗೆ ಬಂದ ಹೆಂಗಸು. ನಾನು ಸಲಹೆ ಕೊಟ್ಟಿಲ್ಲ, ನನ್ನ ಬದುಕಿನ ಒಂದು ಸತ್ಯ ಸಂಗತಿ ಹೇಳಿದೆ, ಅಷ್ಟೇ. ಮಗು ಅದನ್ನು ಮನೆಗೆ ಒಯ್ದರೆ ನನ್ನ ತಪ್ಪೇ? ಮಗು ಓದುತ್ತಿದೆ. ನನ್ನ ಕೆಲಸ ಇರುವುದು ಮಗುವಿನ ಜೊತೆ, ತಾಯಿಯ ಜೊತೆಗಲ್ಲ. ನೂರಿಪ್ಪತ್ತು ತಾಸಿನಲ್ಲಿ ಐವತ್ತೆರಡು ಮುಗಿದಿವೆ.

ವರದಿಯಲ್ಲಿ ಹೀಗೆ ಬರೆದೆ: ‘ತಾಯಿಯೊಂದಿಗೆ ಭೇಟಿ. ಮಗುವಿನ ಪ್ರಗತಿಯ ಬಗ್ಗೆ ತಾಯಿ ಸಂತೋಷ ವ್ಯಕ್ತಪಡಿಸಿದರು.’ ಇದರಲ್ಲಿ ಸುಳ್ಳು ಎನ್ನುವಂಥ ಶಬ್ದ ಒಂದೂ ಇಲ್ಲ.

ಕೊಪ್ಪದ ಮೇಡಂ ಓದಿ ಮುಗಿಸಿ, ಕನ್ನಡಕ ತೆಗೆದು, “ಅರಾಮ ಅದೀ ಏನು?” ಎಂದು ಕೇಳಿದರು. ಹೌದೆಂದೆ.

ಡಿಸೆಂಬರ್ 27, ಶುಕ್ರವಾರ

ಶಾಲೆಯಿಂದ ಬೇಗ ಬಿಟ್ಟಿದ್ದರಿಂದ ಆರಕ್ಕೆಲ್ಲ ಬೆಟಗೇರಿಗೆ ಬಂದೆ. ನಮ್ಮ ಓಣಿಯ ತಿರುವಿನಿಂದ ನೋಡಿದರೆ ಅಮ್ಮ ಕಚೇರಿಯಿಂದ ಬಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಕೀಲಿ ಇತ್ತು. ಬಾಗಿಲು ತೆಗೆದಿರಲಿಲ್ಲ. ಚಪ್ಪಲಿಯೂ ಬಿಟ್ಟಿರಲಿಲ್ಲ. ಯಾರಿಗೋ ಕಾಯುವ ಹಾಗೂ ಇರಲಿಲ್ಲ. ನಾನು ಅಲ್ಲೇ ನಿಂತು ನೋಡಿದೆ. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಎದ್ದು ಒಳಗೆ ಹೋದಳು.

ಹೋಗಿ, “ಅಮ್ಮ, ಹೊರಗ ಯಾಕ ಕೂತಿದ್ದಿ?” ಎಂದೆ.

“ಸುಮ್ಮನ.”

“ದಿನಾ ಕೂಡ್ತೀಯೇನು?”

“ಚಹಾ ಇಡ್ತೀನಿ, ಕುಡೀತೀಯಿಲ್ಲೋ?” ಎಂದಳು.

ಜನವರಿ 5, ರವಿವಾರ

ಇವತ್ತು ಅಮ್ಮನನ್ನು ಕೇಳಿದೆ. ಇಬ್ಬರೂ ಪಡಸಾಲೆಯಲ್ಲಿ ಹಸಿ ಕಡಲೆ ಬಿಡಿಸುತ್ತಾ ಕೂತಿದ್ದೆವು.

“ಅಮ್ಮ, ನೀ ನನ್ನ ಸಲುವಾಗಿ ಮತ್ತ ಲಗ್ನಾ ಮಾಡ್ಕೊಳ್ಳಲಿಲ್ಲಲ್ಲ, ಆವಾಗ ನಿನಗ…”

“ಯಾರ ಹೇಳಿದ್ರು?”

“ಅಂದ್ರ? ಎಲ್ಲಾರೂ ಹೇಳ್ತಾರ. ನಾನು ಕಾಲೇಜಿನ್ಯಾಗ ‘ನನ್ನ ತಾಯಿಯ ತ್ಯಾಗ’ ಅಂತ ಭಾಷಣಾ ಮಾಡಿ ಬಹುಮಾನ ತಗೊಂಡಿದ್ನಲ್ಲ. ನೀ ಮುಂದಿನ ಸಾಲಿನ್ಯಾಗ ಕೂತು ಚಪ್ಪಾಳಿ ಹೊಡದಿದ್ದಿ.”

“ಮಗಳು ಭಾಷಣಾ ಮಾಡಿದ್ರ ಚಪ್ಪಾಳಿ ಹೊಡೀಬೇಕಲ್ಲ” ಎಂದಳು ಅಮ್ಮ. ಕಡಲೆ ಬಿಡಿಸುವ ಕೈ ನಿಲ್ಲಲಿಲ್ಲ. “ನನ್ನ ಯಾರು ಕೇಳಿದ್ರು, ನೇತ್ರಾ? ನಿಮ್ಮಪ್ಪ ಹೋದ ಮ್ಯಾಲೆ ನರಸಿಂಹ ಕಾಕಾ ಬಂದ್ರು. ನಿಮ್ಮಪ್ಪನ ಕಚೇರಿಯೊಳಗ ನನಗ ನೌಕರಿ ಕೊಡ್ತಾರಂತ, ಅರ್ಜಿ ಹಾಕ್ತೀಯೇನು ಅಂತ ಕೇಳಿದ್ರು. ಈ ಮನಿ ಇಟ್ಕೋತೀಯೋ ಬಿಡ್ತೀಯೋ ಅಂತ ಕೇಳಿದ್ರು. ನಿನ್ನ ಯಾವ ಶಾಲಿಗೆ ಹಾಕ್ತೀ ಅಂತ ಕೇಳಿದ್ರು. ಇದೊಂದು ಯಾರೂ ಕೇಳಲಿಲ್ಲ. ಬ್ಯಾರೆ ಮಂದಿಯೊಳಗ ಉಡಕಿ ಅಂತ ಅದ. ನಮ್ಮೊಳಗ ಎಲ್ಲಿ ಅದ? ನಮ್ಮ ಅವ್ವ ಸೈತ ಕೇಳಲಿಲ್ಲ.”

“ಕೇಳಿದ್ರ?”

ಈಗ ಕೈ ನಿಂತಿತು.

“ಹೂಂ ಅಂತಿದ್ನೋ, ಉಹೂಂ ಅಂತಿದ್ನೋ, ಈಗ ಹೆಂಗ ಹೇಳಲಿ? ಬ್ಯಾಡ ಅನ್ಲಿಕ್ಕಾದ್ರೂ ಯಾರರೆ ಕೇಳಬೇಕಲ್ಲ.”

ಮತ್ತೆ ಕಡಲೆಗೆ ಕೈ ಹಾಕಿ, “ನೀ ಹೇಳೋದು ಕೇಳಿ ಕೇಳಿ ನನಗೂ ಹಂಗ ಅನ್ನಿಸ್ಲಿಕ್ಕೆ ಹತ್ತಿತ್ತು. ತ್ಯಾಗಾ ಮಾಡ್ಯಾಳ ಅಂದ್ರ ನಾಕು ಮಂದಿಯೊಳಗ ಒಂದು ಮರ್ಯಾದಿ ಇರ್ತದ. ಕೇಳೋರಿಲ್ಲದ ಉಳದಾಳ ಅಂದ್ರ ಏನದ?” ಎಂದಳು. ಸಿಪ್ಪೆ ಬಳಿದು ಎತ್ತಿಕೊಂಡು ಒಳಗೆ ಹೋದಳು.

ನಾನು ಸ್ನೇಹಾಗೆ ಹೇಳಿದ ಆ ಮಾತು ಸತ್ಯವೂ ಆಗಿರಲಿಲ್ಲ.

ಜನವರಿ 11, ಶನಿವಾರ

ಕೊಪ್ಪದ ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ. ಬಿಟ್ಟ ಸಾಲನ್ನೂ ಬಾಯಲ್ಲಿ ಹೇಳಿದೆ. ಮೇಡಂ ಹಳೆಯ ಕಡತ ತೆಗೆದು ನವೆಂಬರಿನ ಆ ಹಾಳೆ ಹುಡುಕಿ ಮೇಜಿನ ಮೇಲೆ ಇಟ್ಟರು.

“ಮಾತು ತಪ್ಪೂದು ಎಲ್ಲಾರಿಗೂ ಆಗತೈತಿ. ನಾ ಮೊದಲನೇ ವರ್ಷ ಮಕ್ಕಳ ಮುಂದ ಏನೇನ ಆಡೀನಿ ಅಂತ ಹೇಳಿದ್ರ ನೀ ಈ ಕೋರ್ಸ ಬಿಟ್ಟ ಓಡಿ ಹೋಗ್ತಿ. ಅದಕ್ಕ ಅಲ್ಲೇನು ವರದಿ ಬರೀರಿ ಅನ್ನೂದು? ನೀ ಆ ಮಾತು ತಗದಿ. ನಾ ಅದರ ಪಕ್ಕದಾಗ ‘ಛಲೋ ಮೌನ’ ಅಂತ ಬರದೆ. ನನ್ನ ಕೈಲೆ ಸುಳ್ಳು ಬರಿಸಿದಿ, ನೇತ್ರಾ.”

ಲಕ್ಷ್ಮೇಶ್ವರದ ತಾಸುಗಳು ಯಾವುವೂ ಲೆಕ್ಕಕ್ಕೆ ಬರುವುದಿಲ್ಲವಂತೆ. ಜೂನಿನಲ್ಲಿ ಬೇರೆ ಶಾಲೆ, ಮೊದಲಿನಿಂದ ನೂರಿಪ್ಪತ್ತು. ಪದವಿ ಅರ್ಧ ವರ್ಷ ತಡ.

“ಹಂಗಾದ್ರ ಸ್ನೇಹಾನ ಕಡೆ ಹೋಗಬಾರದೇನ್ರಿ?”

“ಹೋಗಬೇಕು. ಕೆಡಿಸಿ ಬಿಟ್ಟು ಬರಾಕ ಆಗೂದಿಲ್ಲ. ನಾನೂ ಬರ್ತೇನಿ. ಹುಡುಗಿಗೆ ಏನು ಹೇಳ್ಬೇಕು ಅಂತೀಯೋ ಬರಕೊಂಡು ಬಾ.”

ಏಳು ಪುಟ ಬರೆದೆ. ಮೇಡಂ ಅದರಲ್ಲಿ ಎರಡು ವಾಕ್ಯ ಉಳಿಸಿ ಬಾಕಿಯನ್ನೆಲ್ಲ ಹೊಡೆದು ಹಾಕಿದರು. “ಇವೆಲ್ಲಾ ನಿನ್ನ ಸಂಕಟ. ಅಕಿಗೆ ಯಾಕ ಹೊರಸ್ತಿ?”

ಜನವರಿ 17, ಶುಕ್ರವಾರ

ಮೇಡಂ ಮುರುಕು ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತರು. ಸ್ನೇಹಾ ಬಂದಳು. ನಾನು ಎರಡು ವಾಕ್ಯ ಹೇಳಿದೆ.

“ನಮ್ಮಮ್ಮನ ಬಗ್ಗೆ ನಿನಗ ನಾ ಹೇಳಿದ್ದು ಖರೆ ಅಲ್ಲ, ಅದು ನನಗೂ ಈಗ ಗೊತ್ತಾತು. ಖರೆ ಇದ್ರೂ ಅದನ್ನ ನಿನ್ನ ಮುಂದ ಹೇಳಬಾರದಾಗಿತ್ತು.”

ಅವಳು ನನ್ನನ್ನೂ ಮೇಡಂ ಅವರನ್ನೂ ನೋಡಿದಳು. “ಹಂಗಾರ ಅವ್ವನ ಲಗ್ನಾ ನಿಂತದ್ದು ನನ್ನಿಂದನ ಏನ್ರಿ?”

“ಆ ಮಾತು ನಿನ್ನ ಕೈಯಾಗ ಕೊಟ್ಟಾಕಿ ನಾನು.”

“ನೀವು ಖರೇ ಹೇಳ್ತೀರಿ ಅಂತ ತಿಳದಿದ್ದೆ ನಾನು!” ಎದ್ದು ಒಂದು ಚೆಂಡನ್ನು ಒದ್ದಳು. ಗಾಳಿ ಇಲ್ಲದ ಚೆಂಡು ಅಲ್ಲೇ ಬಿತ್ತು. “ಅವ್ವ ನನ್ನ ಜೋಡಿ ಮಾತಾಡೂದು ಬಿಟ್ಟಾಳ್ರಿ. ಉಣ್ಣು ಅಂತಾಳ, ಮಕ್ಕೋ ಅಂತಾಳ, ಅಷ್ಟ. ಮೊದಲು ಮಿಷನ್ ತುಳಕೋಂತ ಹಾಡ ಹಾಡ್ತಿದ್ಲು. ಈಗ ರೇಡಿಯೋ ಹಚ್ಚೂದಿಲ್ಲ. ನಾ ಓದಾಕತ್ತಿದ್ದು ಯಾಕಂದ್ರ ಮನ್ಯಾಗ ಬ್ಯಾರೆ ಏನ್ ಮಾಡಬೇಕೋ ತಿಳೀಲಿಲ್ರಿ ನನಗ.”

ಡಿಸೆಂಬರ್ ಆರರಂದು ನಾನು ತಿಂದ ಮಿರ್ಚಿ ನೆನಪಾಯಿತು.

ಅವಳು ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಗಂಟೆ ಹೊಡೆಯುವವರೆಗೂ ಬಲೆ ಹಿಡಿದು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ, “ಮತ್ತ ಬರ್ತೀರಿಲ್ಲ?” ಎಂದು ಕೇಳಿದಳು.

ಜನವರಿ 28, ಮಂಗಳವಾರ

ಸ್ನೇಹಾ ತಾನೇ ಅವ್ವನನ್ನು ಕರೆದುಕೊಂಡು ಬಂದಿದ್ದಳು. ಕೊಪ್ಪದ ಮೇಡಂ ಇದ್ದರು. ತಾಯಿ ಮಗಳು ಎದುರುಬದುರು ಕೂತರು. ಹೊರಗೆ ಕಬಡ್ಡಿ ಆಡುವ ಹುಡುಗರ ಕೂಗು.

“ಅವ್ವಾ, ನಿನಗ ಅವರು ಬೇಕಾಗಿದ್ರೇನು?” ಎಂದಳು ಸ್ನೇಹಾ.

ಸುಮಿತ್ರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಬೇಕಾಗಿದ್ರು.”

ಆಮೇಲೆ ಹೇಳಿದಳು: “ಸಂಜಿಕ ಅಂಗಡಿ ಬಾಗಲಾ ಹಾಕೂ ಹೊತ್ತಿಗೆ ಫೋನ್ ಮಾಡ್ತಿದ್ರು. ಉಂಡ್ಯಾ ಅಂತ ಕೇಳ್ತಿದ್ರು. ಬ್ಯಾರೆ ಏನಿಲ್ಲ. ನಿಮ್ಮಪ್ಪ ಹೋಗಿ ಏಳು ವರ್ಷ ಆತು, ನಾ ಎಲ್ಲಾರಿಗೂ ಕೇಳೀನಿ ಉಂಡ್ಯಾ ಉಂಡ್ಯಾ ಅಂತ. ನನ್ನ ಕೇಳಿದಾವರು ಅವರೊಬ್ಬರ.”

“ನನಗ್ಯಾಕ ಹೇಳಲಿಲ್ಲ?”

“ನೀ ಕೇಳಿದ್ಯಾ? ಇಲ್ಲ, ನಿನ್ನ ತಪ್ಪಲ್ಲಾ ಅದು. ಮಕ್ಕಳ ಮುಂದ ಇಂಥಾದ್ದು ಹೆಂಗ ಹೇಳೂದು, ಯಾವ ಬಾಯಿಲೆ ಹೇಳೂದು?”

ಸ್ನೇಹಾ ಅತ್ತಳು. ಅವಳ ಅವ್ವ ಅಳಲಿಲ್ಲ. ಮಗಳ ಜಡೆಯ ರಿಬ್ಬನ್ ಸಡಿಲಾಗಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಫೋನ್ ಮಾಡವ್ವಾ” ಎಂದು ಮಗಳು ಎಂದರೆ “ನೋಡೂಣು” ಎಂದಳು.

ವರದಿಯಲ್ಲಿ ನನ್ನ ಹೆಸರಿನ ಮುಂದೆ ಬರೆಯಲು ಎರಡೇ ಮಾತು ಇದ್ದವು: “ಕುಂಡ್ರಿ”, “ನೀರು ಕುಡೀತೀರೇನ್ರಿ?” ಮರೆತು ಏನಾದರೂ ಬಿಟ್ಟೆನೇನೋ ಎಂದು ಎರಡು ಸಲ ಓದಿ ನೋಡಿದೆ. ಇಲ್ಲ, ಅಷ್ಟೇ. ಮೇಡಂ ಪಕ್ಕದಲ್ಲಿ ಏನೂ ಬರೆಯಲಿಲ್ಲ.

ಮಾರ್ಚ್ 21, ಶುಕ್ರವಾರ

ಇವತ್ತಿನಿಂದ ಹತ್ತನೆಯ ತರಗತಿಯ ಪರೀಕ್ಷೆ. ಲಕ್ಷ್ಮೇಶ್ವರಕ್ಕೆ ನಾನು ಹೋಗುವುದು ಫೆಬ್ರವರಿಗೇ ಮುಗಿದಿದೆ. ಬಾಗಿಲ ಮೇಲಿನ ಹಾಳೆಯನ್ನು ನಾನೇ ಕಿತ್ತು ಬಂದಿದ್ದೆ, ಅರ್ಧ ಹರಿದು ಅರ್ಧ ಅಲ್ಲೇ ಉಳಿಯಿತು. ವಸೀಮ ನೂರಿಪ್ಪತ್ತು ತಾಸು ಮುಗಿಸಿದ. ಎಲ್ಲರಿಗೂ ಪೇಡೆ ಹಂಚಿದ. ತಿಂದೆ.

ಮೇ 3, ಶನಿವಾರ

ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸುಮಿತ್ರವ್ವ ಸಿಕ್ಕಳು. ನಾನು ಪಕ್ಕಕ್ಕೆ ಸರಿದು ಹೋಗಿಬಿಡಬೇಕು ಎಂದುಕೊಂಡಿದ್ದೆ. ಅವಳೇ ಕೈ ಮಾಡಿ ಕರೆದಳು. ನಿನ್ನೆ ಫಲಿತಾಂಶ ಬಂದಿದೆ, ಸ್ನೇಹಾಗೆ ನೂರಕ್ಕೆ ತೊಂಬತ್ತೊಂದು. ಇಲ್ಲಿಯ ಕಾಲೇಜು, ಹಾಸ್ಟೆಲ್ಲು ವಿಚಾರಿಸಲು ಬಂದಿದ್ದಾಳೆ.

ನಾನು ಕೇಳಲಿಲ್ಲ. ಅವಳೇ ಹೇಳಿದಳು.

“ಶಿರಹಟ್ಟಿಗೆ ಫೋನ್ ಮಾಡಿದ್ವಿ ಅಕ್ಕಾರ, ಫೆಬ್ರವರಿಯಾಗ. ಸ್ನೇಹಾನ ಮಾತಾಡಿದ್ಲು. ‘ಕಾಕಾ, ನಂದು ತಪ್ಪಾತು’ ಅಂದ್ಲು. ಅವರು ‘ತಡಾ ಆತವ್ವ ತಂಗಿ’ ಅಂದ್ರಂತ. ಅಷ್ಟರಾಗ ಮುಂಡರಗಿ ಕಡೆ ಒಬ್ಬಾಕಿಗೆ ಮಾತು ಕೊಟ್ಟಿದ್ರು. ಕೊಟ್ಟ ಮಾತು ಬಿಡೂ ಮನಷ್ಯಾ ಅಲ್ಲ. ಹಂಗಿದ್ದಾರಂತನ ನನಗ ಮನಸ್ಸಿಗೆ ಬಂದಿದ್ರು.”

“ಸುಮಿತ್ರವ್ವಾರ, ನಂದು…” ಎಂದೆ.

“ಬ್ಯಾಡ್ರಿ.” ಕೈ ಅಡ್ಡ ಹಿಡಿದಳು. “ನೀವು ಕ್ಷಮಾ ಕೇಳಿದ್ರ ನಾನು ಇರ್ಲಿ ಬಿಡ್ರಿ ಅನ್ನಬೇಕಾಗತೈತಿ. ಅನ್ನಾಕ ಇನ್ನೂ ಮನಸ್ಸಾಗವಲ್ದು.”

ಲಕ್ಷ್ಮೇಶ್ವರದ ಬಸ್ಸು ಬರಲು ಮುಕ್ಕಾಲು ತಾಸು ಇತ್ತು. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತೆವು. ಗಂಡ ತೀರಿದ ವರ್ಷ ಹೊಲಿಗೆ ಸೊಟ್ಟ ಬರುತ್ತಿದ್ದದ್ದು, ಕುರ್ತಕೋಟಿಯ ತವರಿನವರು ಕರೆದರೂ ತಾನು ಹೋಗದೆ ಇದ್ದದ್ದು, ಮೊದಲ ಸಲ ತನ್ನ ಹೆಸರಿನ ಬೋರ್ಡು ಹಾಕಿಸಿದಾಗ ಪೇಂಟರ್ ‘ಸುಮಿತ್ರ’ ಎಂದು ಬರೆದು ದೀರ್ಘ ಬಿಟ್ಟದ್ದು, ಅದಕ್ಕೆ ಅವನ ಜೊತೆ ಜಗಳಾಡಿದ್ದು, ಎಲ್ಲ ಹೇಳಿದಳು. ಹಾಸ್ಟೆಲ್ಲಿಗೆ ಮಗಳು ಬಂದ ಮೇಲೆ ಅಂಗಡಿಯಲ್ಲೇ ಅಡುಗೆ ಮಾಡಿಕೊಂಡರಾಯಿತು, ಮನೆಗೆ ಹೋಗಿ ಏನು ಮಾಡುವುದು ಎಂದಳು. ಬಸ್ಸು ಬಂತು. ಅಂಗಡಿಗೆಂದು ಕೊಂಡಿದ್ದ ಬಟ್ಟೆಯ ಗಂಟನ್ನು ನಾನು ಎತ್ತಿ ಕೊಟ್ಟೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಡುವವರೆಗೆ ಅವಳು ನನ್ನ ಕಡೆ ನೋಡಲಿಲ್ಲ. ನಾನು ನಿಂತಿದ್ದೆ.

ಮೇ 4, ರವಿವಾರ

ಬೆಳಿಗ್ಗೆ ಅಮ್ಮನನ್ನು ಕೇಳಿದೆ: “ಅಮ್ಮ, ನಿನಗೇನು ಬೇಕು?”

“ತೊಗರಿಬ್ಯಾಳಿ ತೀರ್ಯದ” ಎಂದಳು.

“ಅದಲ್ಲ. ನಿನಗ.”

ನನ್ನ ಮುಖ ನೋಡಿ ನಕ್ಕಳು. ಕಾಲೇಜಿನಲ್ಲಿ ಇದನ್ನೂ ಕಲಿಸುತ್ತಾರೇನು ಎಂದಳು. ಬೇಳೆ ತಂದೆ.

ಮೇ 10, ಶನಿವಾರ

ಸಂಜೆ ಕೊತ್ತಂಬರಿ ಸೋಸುತ್ತಿದ್ದಾಗ ಅಮ್ಮ ಇದ್ದಕ್ಕಿದ್ದ ಹಾಗೆ, “ಲಕ್ಕುಂಡಿ” ಎಂದಳು.

“ಏನು?”

“ಅವತ್ತು ಕೇಳಿದ್ದಿಯಲ್ಲ. ಹದಿನಾರು ವರ್ಷ ಕಚೇರಿ ಫೈಲಿನ್ಯಾಗ ಲಕ್ಕುಂಡಿ ಲಕ್ಕುಂಡಿ ಅಂತ ಬರದೀನಿ. ಅರ್ಧಾ ತಾಸಿನ ಹಾದಿ. ಒಂದು ಸಲಾನೂ ಹೋಗಿಲ್ಲ. ಅಲ್ಲಿ ಗುಡಿ ಮುಂದಿನ ಹಳೇ ಬಾವಿಗೆ ಮೆಟ್ಟಲಾ ಅವಂತ, ನೀರಿನ ತನಕಾ ಇಳಿಬಹುದಂತ. ನಾಳೆ ಹೋಗ್ತೀನಿ.”

“ನಾನೂ ಬರ್ಲೇನು?”

“ಬ್ಯಾಡ” ಎಂದಳು.

ಸ್ವಲ್ಪ ನೋವಾಯಿತು. ನೋವಾದದ್ದಕ್ಕೆ ನಗುವೂ ಬಂತು.

ಮೇ 11, ರವಿವಾರ

ಬೆಳಿಗ್ಗೆ ಚಪಾತಿ ನಾನೇ ಲಟ್ಟಿಸಿದೆ. ಡಬ್ಬಿ ಮುಚ್ಚುವಾಗ ಅಮ್ಮ ಹೆರಳು ಹಾಕಿಕೊಳ್ಳುತ್ತಾ ಕನ್ನಡಿಯ ಮುಂದಿನಿಂದಲೇ ಹೇಳಿದಳು: “ಇನ್ನೂ ನಾಕು ಇಡು.”

ಯಾರಿಗೆ ಎಂದು ಕೇಳದೆ ಇಟ್ಟೆ. ಬೆಂಡೆಕಾಯಿ ಪಲ್ಯವನ್ನೂ ಹೆಚ್ಚು ಹಾಕಿದೆ. ಉಪ್ಪಿನಕಾಯಿ ಬೇರೆ ಪೊಟ್ಟಣ ಕಟ್ಟಿದೆ, ಎಣ್ಣೆ ಸೀರೆಗೆ ತಾಗಬಾರದು ಎಂದು. ನೇರಳೆ ಬಣ್ಣದ ಸೀರೆ ಉಟ್ಟಿದ್ದಳು. ಅದು ಅವಳ ಹತ್ತಿರ ಇತ್ತು ಎಂದೇ ನನಗೆ ಗೊತ್ತಿರಲಿಲ್ಲ.

ಓಣಿಯ ತಿರುವಿನ ತನಕ ಹೋಗಿ ಕಳಿಸಿ ಬಂದೆ. “ಸಂಜಿಕ ಬರ್ತೀನಿ” ಎಂದು ಹೇಳಿ ಹೋಗಿದ್ದಾಳೆ. ಈಗ ಏಳು ಹೊಡೆಯಿತು. ಇನ್ನೂ ಬಂದಿಲ್ಲ. ಫೋನ್ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ.

ನಿಧಾನವಾಗಿ ಬರಲಿ.